ಪುಂಡನ ಮೂರನೆಯ ಮನೆ

ನಾಯಿಗಳ ಆಶ್ರಯಕೇಂದ್ರಕ್ಕೆ ಪುಂಡ ಎರಡನೆಯ ಸಲ ವಾಪಸ್ಸು ಬಂದಾಗ ಅವನ ಮೀಸೆಗೆ ಸಾಕಲು ಒಯ್ದಿದ್ದ ಮನೆಯ ಸೋಫಾದ ಹತ್ತಿ ಇನ್ನೂ ಅಂಟಿಕೊಂಡಿತ್ತು. ಕರೆತಂದ ಯಜಮಾನರು ಚೈನನ್ನು ಮೇಜಿನ ಮೇಲೆ ಕುಕ್ಕಿ ದೂರು ಬಿಚ್ಚಿದರು. ಪರದೆ ಎಳೆದು ಕೆಡವಿದ್ದಾನೆ, ಅತ್ತೆಯನ್ನು ಅಂಗಳದಲ್ಲಿ ಉರುಳಿಸಿದ್ದಾನೆ, ಕೂತುಕೋ ಎಂದರೆ ಕುಣಿಯುತ್ತಾನೆ. ಅತ್ತೆ ಬಿದ್ದದ್ದಕ್ಕಿಂತ ಸೋಫಾ ಹರಿದದ್ದೇ ಅವರಿಗೆ ಹೆಚ್ಚು ನೋವಾಗಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಬೀದಿಯಿಂದ ಎತ್ತಿ ತಂದ ನಾಯಿಗಳಿಗೆ ಆ ಆಶ್ರಯಕೇಂದ್ರದಲ್ಲಿ ನಡೆನುಡಿ ಕಲಿಸುತ್ತಿದ್ದವಳು ಒಬ್ಬಳೇ. ಎಲ್ಲರೂ ಅವಳನ್ನು ಟೀಚರ್ ಎನ್ನುತ್ತಿದ್ದರು. ಅವಳಿಗೆ ಐವತ್ತು ದಾಟಿತ್ತು, ಅವಳ ಮಂಡಿಗಳಿಗೆ ಎಪ್ಪತ್ತು. ಮನೆಯಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದ ಅಕ್ಕ, ಇಲ್ಲಿ ಬೊಗಳುವ ಶಿಷ್ಯರು, ನಡುವೆ ನಿಂತುಕೊಂಡೇ ಹೋಗಬೇಕಾದ ಬಸ್ಸು. ದಣಿವೆಂಬುದು ಅವಳ ಪಾಲಿಗೆ ಬಂದುಹೋಗುವ ನೆಂಟನಾಗಿರಲಿಲ್ಲ, ಜಾಗ ಬಿಡದ ಬಾಡಿಗೆದಾರನಾಗಿತ್ತು.

ಮೇಲ್ವಿಚಾರಕ ಕೆಟ್ಟವನಲ್ಲ. ಆದರೆ ನಿಯಮ ಅವನ ಕೈಯಲ್ಲಿರಲಿಲ್ಲ. ಮೂರನೆಯ ಮನೆಯಿಂದಲೂ ವಾಪಸ್ಸಾದ ನಾಯಿ ಹಿಂದಿನ ಸಾಲಿಗೆ ಹೋಗಬೇಕು. ಅಲ್ಲಿ ಊಟಕ್ಕೆ, ನೀರಿಗೆ ಕೊರತೆಯಿಲ್ಲ. ನಾಯಿ ನೋಡಲು ಬಂದವರನ್ನು ಮಾತ್ರ ಆ ಕಡೆ ಕರೆದೊಯ್ಯುತ್ತಿರಲಿಲ್ಲ. ಆ ಸಾಲಿನ ನಾಯಿಗಳು ಹೆಜ್ಜೆ ಸದ್ದು ಕೇಳಿದರೂ ತಲೆ ಎತ್ತುತ್ತಿರಲಿಲ್ಲ. ಪುಂಡನಿಗೆ ಉಳಿದಿದ್ದದ್ದು ಇನ್ನೊಂದೇ ಮನೆ.

ಟೀಚರಿಗೆ ಸಿಟ್ಟು ನೆತ್ತಿಗೇರಿತು. ತನ್ನ ಮುಂದೆ ಬೆಣ್ಣೆಯಂತೆ ಕೂರುವವನು ಇವರ ಮನೆಯಲ್ಲಿ ಮಾತ್ರ ಬಾಲ ಬಿಚ್ಚಿದ್ದಾನೆಂದರೆ ಏನರ್ಥ? ಯಜಮಾನರನ್ನು ಅಂಗಳಕ್ಕೆ ಕರೆದು, ಬೆನ್ನು ನೆಟ್ಟಗೆ ಮಾಡಿ, ಪುಂಡನಿಗೆ ಖಡಕ್ಕಾಗಿ, "ಕೂತ್ಕೋ" ಎಂದಳು. ಪುಂಡ ಎರಡೂ ಮುಂಗಾಲನ್ನು ಅವಳ ಎದೆಯ ಮೇಲಿಟ್ಟು ಮುಖ ನೆಕ್ಕಿದ. ಮತ್ತೊಮ್ಮೆ ಹೇಳಿದಳು. ಅವನು ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸೆರಗು ಹಿಡಿದು ಎಳೆದ. ಯಜಮಾನರು ನಕ್ಕು ಹೊರಟುಹೋದರು. ಬೈದಿದ್ದರೇ ವಾಸಿಯಾಗಿತ್ತು.

ಅವಳು ಕಲ್ಲುಬೆಂಚಿನ ಮೇಲೆ ಕುಸಿದಳು. ಭುಜ ಇಳಿಯಿತು, "ಉಸ್ಸಪ್ಪಾ" ಎಂದು ಉಸಿರು ತಾನಾಗಿಯೇ ಹೊರಬಿತ್ತು. ಆ ಕ್ಷಣವೇ ಪುಂಡ ಹಿಂಗಾಲು ಮಡಚಿ, ಶಿಸ್ತಿನಿಂದ ಕೂತು, ಅವಳ ಬಿಸ್ಕತ್ತಿನ ಚೀಲವನ್ನೇ ನೋಡತೊಡಗಿದ.

ಟೀಚರ್ ಬೆಪ್ಪಾದಳು. ಎದ್ದು ನಿಂತು ಬರೀ ಮಾತು ಹೇಳಿ ನೋಡಿದಳು, ಕುಣಿದ. ಮಾತಿಲ್ಲದೆ ಬರೀ ಉಸ್ಸಪ್ಪಾ ಎಂದಳು, ಕೂತ. ಇಷ್ಟು ತಿಂಗಳು ಪ್ರತಿ ಸಲವೂ ಕೂತುಕೋ ಎನ್ನುವ ಮೊದಲು ತಾನು ಹೀಗೆ ಉಸಿರುಬಿಟ್ಟಿರಬೇಕು. ತನಗದು ಗೊತ್ತೇ ಇರಲಿಲ್ಲ. ನಾಯಿ ಪಾಪ ಅದನ್ನೇ ಪಾಠವೆಂದು ತಿಳಿದಿತ್ತು, ಆಮೇಲೆ ಬಂದ ಮಾತನ್ನು ಹರಟೆಯೆಂದು ಬಿಟ್ಟಿತ್ತು. ಹೊಸದಾಗಿ ನಾಯಿ ತಂದವರ ಮನೆಯಲ್ಲಿ ಯಾರು ತಾನೇ ಉಸ್ಸಪ್ಪಾ ಎನ್ನುತ್ತಾರೆ? ಎಲ್ಲರೂ ಹುರುಪಿನಿಂದ, ಚಪ್ಪಾಳೆ ತಟ್ಟಿ, ಕೂತ್ಕೋ ಕೂತ್ಕೋ ಎನ್ನುತ್ತಾರೆ. ಎರಡು ಮನೆ ಕೈತಪ್ಪಿದ್ದು ತನ್ನಿಂದಲೇ ಎಂದು ಹೊಳೆದಾಗ ಅವಳಿಗೆ ಅಳು ಬಂತು. ಅಳುವುದಕ್ಕೂ ತ್ರಾಣ ಬೇಕಲ್ಲ, ಸುಮ್ಮನಾದಳು.

ಮರುದಿನದಿಂದ ಪಾಠ ಮೊದಲಿನಿಂದ ಶುರುವಾಯಿತು. ಈಗ ಶಿಷ್ಯರು ಇಬ್ಬರು, ಅವನೂ ಅವಳೂ. ಉಸಿರು ಬಿಗಿಹಿಡಿದು, ಭುಜ ಇಳಿಯಗೊಡದೆ, ಹಲ್ಲು ಕಚ್ಚಿ ಬರೀ ಮಾತು ಹೇಳಬೇಕಿತ್ತು. ಸೋತಾಗಲೆಲ್ಲ ಉಸ್ಸಪ್ಪಾ ಗಂಟಲವರೆಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದಳು. ಅಡುಗೆಯವಳ ಬಾಯಿಂದಲೂ ಹೇಳಿಸಿದಳು, ಪಶುವೈದ್ಯರ ಬಾಯಿಂದಲೂ ಹೇಳಿಸಿದಳು. ಪುಂಡ ಮೊಟ್ಟಮೊದಲು ಕೂತದ್ದು ಅಡುಗೆಯವಳ ಮಾತಿಗೆ. ಅವಳ ಕೈಯಲ್ಲಿ ಬೇಯಿಸಿದ ಮೊಟ್ಟೆಯಿತ್ತು ಎನ್ನುವುದು ಬೇರೆ ಮಾತು.

ಹಗಲೆಲ್ಲ ತಡೆದಿಟ್ಟದ್ದನ್ನು ಎಲ್ಲಾದರೂ ಇಳಿಸಬೇಕಲ್ಲ. ಸಂಜೆ ಮನೆಯ ಹೊಸ್ತಿಲು ದಾಟಿದ್ದೇ ತಡ, ಉಸ್ಸಪ್ಪಾ. ಚಪ್ಪಲಿ ಬಿಡುವಾಗ ಒಂದು, ಅಕ್ಕನ ಹಾಸಿಗೆಯ ಪಕ್ಕ ಕುರ್ಚಿಗೆ ಒರಗುವಾಗ ಇನ್ನೊಂದು. ಅಕ್ಕ ಮಾತ್ರ ಆ ದಿನಗಳಲ್ಲಿ ಚಿನ್ನದಂಥವಳಾಗಿಬಿಟ್ಟಿದ್ದಳು. ಮೊದಲು ಕಿಟಕಿ ತೆಗಿ, ಕಿಟಕಿ ಹಾಕು, ಮಗ್ಗುಲು ತಿರುಗಿಸು ಎಂದು ಗೋಳುಹೊಯ್ದುಕೊಳ್ಳುತ್ತಿದ್ದವಳು ಈಗ ಏನೊಂದೂ ಕೇಳುತ್ತಿರಲಿಲ್ಲ. ನೋವು ಕಡಿಮೆಯಾಗಿರಬೇಕು ಎಂದುಕೊಂಡು ಟೀಚರ್ ಕೂತಲ್ಲೇ ನಿದ್ದೆಹೋಗುತ್ತಿದ್ದಳು.

ಕೊನೆಗೆ ಟೈಲರ್ ಹೆಂಗಸೊಬ್ಬಳು ಬಂದಳು. ಅಂಗಡಿಯಲ್ಲಿ ಜೊತೆಗೊಂದು ಜೀವ ಬೇಕು, ಬಾಯಿ ಇಲ್ಲದ್ದಾದರೆ ಒಳ್ಳೆಯದು ಎಂದಳು. ಅವಳ ಬಾಯಿಯ ಓಟ ನೋಡಿದರೆ ಇನ್ನೊಂದು ಬಾಯಿಗೆ ಅಲ್ಲಿ ಜಾಗವೂ ಇರಲಿಲ್ಲ. ಚೀಲದಲ್ಲಿ ಕನ್ನಡಕ ಹುಡುಕುತ್ತಲೇ, ಮುಖವನ್ನೂ ನೋಡದೆ, "ಕೂತ್ಕೋ" ಎಂದಳು. ಪುಂಡ ತಿರುಗಿ ಟೀಚರನ್ನು ನೋಡಿದ. ಟೀಚರ್ ಉಸಿರು ಕಟ್ಟಿ ಗೋಡೆ ನೋಡುತ್ತ ನಿಂತಳು. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಟೈಲರಿನ ಕಡೆ ತಿರುಗಿ, ಟೀಚರಿಗೆ ಬೆನ್ನು ಹಾಕಿ, ಕೂತ. ಇಷ್ಟು ದಿನ ಹಂಬಲಿಸಿದ್ದೇ ಇದಕ್ಕೆ. ಆದರೂ ಅವನು ಇನ್ನೊಮ್ಮೆ ತಿರುಗಿ ನೋಡಿಯಾನೇ ಎಂದು ಕಾದಳು.

ಪುಂಡ ಟೈಲರಿನ ಜೊತೆ ಹೋದ. ಪರೀಕ್ಷೆಗೆಂದು ಕೊಟ್ಟ ಎರಡು ವಾರ ಫೋನು ಸದ್ದಾದಾಗಲೆಲ್ಲ ಟೈಲರಿನದೇ ಇರಬೇಕೆಂದು ಟೀಚರ್ ಓಡುತ್ತಿದ್ದಳು. ಗಡುವು ಮುಗಿಯುವ ದಿನ ಟೈಲರ್ ಫೋನ್ ಮಾಡಿದಳು.

"ಅಳತೆ ಟೇಪು ಅಗಿದು ಹಾಕಿದಾನೆ. ಆದ್ರೂ ವಾಪಸ್ ಕೊಡಲ್ಲ. ಹೇಳಿದ್ ಮಾತು ಕೇಳ್ತಾನೆ, ನಮ್ಮನೆಯವರಿಗಿಂತ ಎಷ್ಟೋ ವಾಸಿ."

ಅಂದು ಟೀಚರ್ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದಳು. ಮನೆ ಸೇರಿದವಳೇ ಅಕ್ಕನ ಪಕ್ಕ ಕೂತು, ನಾಯಿ ತನ್ನ ಉಸ್ಸಪ್ಪಾ ಕಲಿತದ್ದು, ತಾನು ಅದನ್ನು ಬಿಡಿಸಲು ಒದ್ದಾಡಿದ್ದು ಎಲ್ಲವನ್ನೂ ತಮಾಷೆಯಾಗಿ ಹೇಳಿದಳು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಸೀಲಿಂಗ್ ನೋಡುತ್ತ ಹೇಳಿದಳು:

"ಆ ನಾಯಿ ಒಂದೇ ಅಲ್ಲ ಪುಟ್ಟಿ. ನಾನೂ ಕಲ್ತಿದೀನಿ. ನೀನು ಉಸ್ಸಪ್ಪಾ ಅಂತ ಒಳಗೆ ಬಂದ್ರೆ ಆವತ್ತು ಏನೂ ಕೇಳಬಾರದು ಅಂತ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಈ ವಾರಗಳಲ್ಲಿ ಕುರ್ಚಿಯಲ್ಲಿ ತಾನು ಗೊರಕೆ ಹೊಡೆಯುವಾಗ ಪಕ್ಕದಲ್ಲಿ ಇವಳು ಏನೇನು ನುಂಗಿಕೊಂಡು ಮಲಗಿದ್ದಳೋ ಎಂದು ಟೀಚರ್ ನೆನೆದಳು. ಎದ್ದು ನಿಂತು, ಭುಜ ನೆಟ್ಟಗೆ ಮಾಡಿಕೊಂಡು ಕೇಳಿದಳು.

"ಈಗೇನು ಬೇಕು ಹೇಳಕ್ಕ."

ಅಕ್ಕ ಮೊದಲು ಅವಳ ಮುಖ ನೋಡಿದಳು, ಆಮೇಲೆ ಭುಜ ನೋಡಿದಳು, ನಂಬಬಹುದೋ ಬೇಡವೋ ಎಂಬಂತೆ.

"ಮಗ್ಗುಲು ತಿರುಗಿಸ್ತೀಯಾ? ಬೆಳಗ್ಗೆಯಿಂದ ಈ ಕಡೆ ಉರೀತಿದೆ."