ಕಾಣದೆ ಕಂಡೆನೆಂದದ್ದು

ಇಪ್ಪತ್ನಾಲ್ಕು ವರ್ಷ ಭೌತವಿಜ್ಞಾನ ಕಲಿಸಿದ ಟೀಚರಿಗೆ, ಕಣ್ಣಿಗೆ ಕಾಣದ ಕಣಗಳ ಜಾಡು ತೋರಿಸುವ ಮೋಡದ ಪೆಟ್ಟಿಗೆಯ ಚಿತ್ರವನ್ನು ಕರಿಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯಲು ಬರುತ್ತಿತ್ತು. ಪೆಟ್ಟಿಗೆಯನ್ನು ಮಾತ್ರ ಆಕೆ ಒಮ್ಮೆಯೂ ನೋಡಿರಲಿಲ್ಲ. ಸಂಶೋಧನಾಲಯವೊಂದರಲ್ಲಿ ಶಾಲಾ ಶಿಕ್ಷಕರಿಗೆ ಐದು ದಿನದ ತರಬೇತಿ ಎಂದು ಸುತ್ತೋಲೆ ಬಂದಾಗ, ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಮುಖ ಮುಖ ನೋಡಿಕೊಂಡರು. ಈಕೆ ಹೆಸರು ಕೊಟ್ಟಳು.

"ನಿಮಗೇನ್ರೀ, ಮನೇಲಿ ಕಾಯೋರು ಯಾರೂ ಇಲ್ಲ," ಎಂದರು ಗಣಿತದ ಮೇಷ್ಟ್ರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಎದೆ ಚುರುಕ್ಕೆಂದಿತು. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತಷ್ಟೆ.

ಮೊದಲ ದಿನವೇ ಮೋಡದ ಪೆಟ್ಟಿಗೆ ತೋರಿಸಿದರು. ಗಾಜಿನ ಡಬ್ಬಿ, ತಳಕ್ಕೆ ಕಪ್ಪು ತಗಡು, ಅದರಡಿ ಹೊಗೆಯಾಡುವ ಡ್ರೈ ಐಸ್, ಮೇಲ್ಗಡೆ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆ. ಆಕಾಶದಿಂದ ಸದಾ ಸುರಿಯುವ ಕಣಗಳು ಆ ಆವಿಯೊಳಗೆ ಹಾದುಹೋದಾಗ ಬಿಳಿ ಗೆರೆ ಮೂಡಬೇಕು. ದೀಪ ಆರಿಸಿದರು. ಸುತ್ತ ನಿಂತ ಶಿಕ್ಷಕರು ಒಬ್ಬೊಬ್ಬರಾಗಿ "ಅಗೋ! ಅಲ್ನೋಡಿ!" ಎಂದು ಕೂಗತೊಡಗಿದರು. ಆಕೆಗೆ ಕಂಡದ್ದು ಬರೀ ಮಂಜು.

"ನಿಮಗೆ ಕಾಣಿಸ್ತಾ ಮೇಡಂ?" ಎಂದು ಕೇಳಿದ ಯುವ ವಿಜ್ಞಾನಿ.

"ಕಾಣಿಸ್ತು," ಎಂದುಬಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ. ಕೂದಲೆಳೆಯಂಥ ಗೆರೆ, ಮೂಡಿದಷ್ಟೇ ಬೇಗ ಕರಗಿತು, ಇನ್ನೊಂದು ಗಿಡ್ಡ, ದಪ್ಪ... ಎಷ್ಟೋ ವರ್ಷ ಒಪ್ಪಿಸಿದ ಪಾಠ ತಾನಾಗಿ ಹರಿದು ಬಂತು. "ಎಷ್ಟು ಚೆನ್ನಾಗಿ ಗಮನಿಸಿದ್ದಾರೆ ನೋಡಿ!" ಎಂದ ಆತ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆ ಸಂಜೆ ವಸತಿಗೃಹದ ಮೆಟ್ಟಿಲ ಮೇಲೆ ಉಳಿದವರು ಫೋನು ಹಿಡಿದು, ಮಕ್ಕಳಿಗೆ, ಗಂಡಂದಿರಿಗೆ, ಅತ್ತೆಯರಿಗೆ ಅದೇ ಗೆರೆಗಳ ಕಥೆ ಹೇಳುತ್ತಿದ್ದರು. ಆಕೆ ಕೋಣೆಗೆ ಹೋಗಿ ಕದ ಹಾಕಿಕೊಂಡಳು. ಅಮ್ಮ ಇದ್ದಿದ್ದರೆ, ಏನೂ ಅರ್ಥವಾಗದಿದ್ದರೂ, "ಹೂಂ, ಆಮೇಲೆ?" ಎನ್ನುತ್ತಿದ್ದಳು. ಅಮ್ಮನ ಹತ್ತಿರ ಸುಳ್ಳು ಹೇಳಲು ತನ್ನಿಂದ ಆಗುತ್ತಿರಲಿಲ್ಲ.

ಕೊನೆಯ ದಿನ ಪ್ರಮಾಣಪತ್ರ ಕೊಡುವ ಸಮಾರಂಭ. ಆಕೆ ಸಭಾಂಗಣದ ಹಿಂಬಾಗಿಲಿನಿಂದ ಸದ್ದಿಲ್ಲದೆ ಜಾರಿ, ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ತಂತ್ರಜ್ಞರೊಬ್ಬರೇ ಗಾಜು ಒರೆಸುತ್ತಿದ್ದರು, ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ.

"ಏನಾದ್ರೂ ಮರೆತು ಹೋದ್ರಾ ಅಮ್ಮಾ?"

"ಇಲ್ಲ. ಅವತ್ತು ನನಗೇನೂ ಕಾಣಿಸ್ಲಿಲ್ಲ. ಕಾಣಿಸ್ತು ಅಂತ ಸುಳ್ಳು ಹೇಳ್ದೆ."

ಅವರು ನಗಲಿಲ್ಲ. "ಬಂದೋರಲ್ಲಿ ಎಷ್ಟೋ ಜನ ಹಾಗೇ ಹೇಳ್ತಾರೆ. ಮುಖ ನೋಡಿದ್ರೆ ಗೊತ್ತಾಗುತ್ತೆ. ವಾಪಸ್ ಬಂದಿದ್ದು ನೀವೊಬ್ರೇ." ಥರ್ಮೋಕೋಲ್ ಡಬ್ಬದ ತಳದಲ್ಲಿ ಉಳಿದಿದ್ದ ಡ್ರೈ ಐಸನ್ನು ಕೆರೆದು ತಗಡಿನಡಿ ಹಾಕಿದರು. ಕಿಟಕಿ ಮುಚ್ಚಿ, ಟಾರ್ಚನ್ನು ಪಕ್ಕದಿಂದ ಬೀಳುವಂತೆ ಇಟ್ಟರು. "ಕನ್ನಡಕ ತೆಗೀರಿ. ಗಲ್ಲ ಮೇಜಿಗೆ ಆನಿಸಿ. ಮೇಲಿಂದಲ್ಲ, ಬೆಳಕಿನ ಎದುರಿಂದ ನೋಡಬೇಕು. ಹುಡುಕಬೇಡಿ, ಸುಮ್ಮನೆ ಕೂತಿರಿ."

ಹತ್ತು ನಿಮಿಷ ಕಳೆಯಿತು. ಸಭಾಂಗಣದಿಂದ ಹೆಸರು ಕೂಗುವುದು ಕೇಳಿಸಿತು, ಆಕೆಯದೂ ಒಮ್ಮೆ. ಆಕೆ ಏಳಲಿಲ್ಲ.

ಆಗ, ಒಂದು ಗೆರೆ. ಯಾರೋ ಕತ್ತಲಿನ ಮೇಲೆ ಸೂಜಿಯಿಂದ ಗೀರಿದಂತೆ, ಅಡ್ಡಕ್ಕೆ. ನೋಡನೋಡುತ್ತಲೇ ಅದು ನಡುಗಿ, ಪುಡಿಯಾಗಿ ಕೆಳಗಿಳಿಯಿತು. ಗೆರೆ ನಡುಗುತ್ತದೆಂಬ ಮಾತು ಪಾಠದಲ್ಲಿ ಇರಲಿಲ್ಲ. ಮತ್ತೊಂದು. ಮೂಲೆಯಲ್ಲಿ ಇನ್ನೊಂದು. ಆಕೆಯ ಕಣ್ಣು ತುಂಬಿ ಎಲ್ಲ ಮಂಜಾಯಿತು.

"ಒರೆಸ್ಕೊಳ್ಳಿ, ಇಲ್ಲಾಂದ್ರೆ ತಪ್ಪಿಹೋಗುತ್ತೆ," ಎಂದರು ಅವರು.

ಆಕೆ ಸಭಾಂಗಣಕ್ಕೆ ಬಂದಾಗ ಅನಿಸಿಕೆ ಹೇಳುವ ಸರದಿ ನಡೆದಿತ್ತು. ಎದ್ದು ನಿಂತು, ಮೊದಲ ದಿನ ಹೇಳಿದ್ದು ಸುಳ್ಳು, ಇವತ್ತು ನಿಜವಾಗಿ ನೋಡಿದೆ ಎಂದಳು. "ಪರವಾಗಿಲ್ಲ ಮೇಡಂ," ಎಂದು ಯುವ ವಿಜ್ಞಾನಿ ಪ್ರಮಾಣಪತ್ರ ಕೈಗಿಟ್ಟು ಮುಂದಿನವರನ್ನು ಕರೆದ. ಊರಿಗೆ ಮರಳುವ ಬಸ್ಸಿನಲ್ಲಿ ಉಳಿದ ಶಿಕ್ಷಕರು ಯಾರೂ ಬಂದು ಕೂರದೆ ಆಕೆಯ ಪಕ್ಕದ ಸೀಟು ಖಾಲಿಯೇ ಉಳಿಯಿತು.

ದಾರಿಯಲ್ಲಿ, ಬೇರೆ ಊರಲ್ಲಿದ್ದ ತಮ್ಮನಿಗೆ ಫೋನ್ ಮಾಡಿದಳು.

"ಏನಕ್ಕಾ, ಹುಷಾರಾಗಿದ್ದೀಯಾ? ಸ್ವಲ್ಪ ಕೆಲಸದಲ್ಲಿದ್ದೀನಿ."

"ಎರಡೇ ನಿಮಿಷ ಕೇಳಿಸ್ಕೊಳೋ," ಎಂದು ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ.

"ಸರಿ ಅಕ್ಕಾ. ಅದರಿಂದ ಏನಾಯ್ತು?"

"ಏನೂ ಆಗ್ಲಿಲ್ಲ ಕಣೋ. ಕಾಣಿಸ್ತು, ಅಷ್ಟೆ."

ಅವನು "ಒಳ್ಳೇದಾಯ್ತು ಬಿಡು" ಎಂದು ಫೋನ್ ಇಟ್ಟ. ಆಕೆ ಚೀಲದಿಂದ ನೋಟ್‌ಪುಸ್ತಕ ತೆಗೆದು, ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗುತ್ತಿದ್ದರೂ ಬಿಡದೆ, ಗೆರೆ ಕರಗುವ ಮುನ್ನ ನಡುಗುತ್ತದೆ ಎಂದು ಬರೆದುಕೊಂಡಳು.