ಹತ್ತಿಯ ಮೇಲಿನ ಕೆಂಪು

ಹಾಜರಿ ಕೂಗಿದರೂ ತುಟಿಯಲ್ಲೇ ಉತ್ತರ ಕೊಡುವ ಅವಳಿಗೆ ಕಲಾ ವಿಭಾಗದಲ್ಲಿ ಪಿಸುಗುಬ್ಬಿ ಎಂದೇ ಹೆಸರು. ಅಂಥವಳು ಸೋಮವಾರ ಮಧ್ಯಾಹ್ನ, ತರಗತಿಯ ಗೋಡೆಗೆ ತೂಗುಹಾಕಿದ್ದ ಹಳೆಯ ತೈಲಚಿತ್ರಕ್ಕೆ ಎಂಜಲು ಹಚ್ಚಿದಳು.

ಹಳೆಯ ಚಿತ್ರಗಳ ಕೊಳೆ ತೆಗೆಯುವವರು ಹತ್ತಿಯನ್ನು ಬಾಯಲ್ಲೇ ಒದ್ದೆ ಮಾಡಿಕೊಳ್ಳುತ್ತಾರೆ ಎಂದು ಕಲಾಚರಿತ್ರೆಯ ಮೇಡಂ ಹಿಂದಿನ ವಾರವಷ್ಟೇ ಹೇಳಿದ್ದರು. ಅವಳು ಆ ಚಿತ್ರವನ್ನು ನಕಲು ಮಾಡುತ್ತಿದ್ದಳು. ಚಿತ್ರದ ಹೆಂಗಸು ಹೊದ್ದ ಶಾಲಿನ ನಿಜವಾದ ಬಣ್ಣ ಬೇಕಿತ್ತು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಮುಟ್ಟಿಸಿ, ಶಾಲಿನ ಅಂಚಿನ ಮೇಲೆ ಮೆಲ್ಲನೆ ಹೊರಳಿಸಿದಳು. ಹತ್ತಿಗೆ ಕೊಳೆ ಬರಲಿಲ್ಲ, ಕೆಂಪು ಬಂತು. ಶಾಲಿನಲ್ಲಿ ಉಗುರಿನಗಲ ಬಣ್ಣ ಹೋಗಿ ಅಡಿಯ ಬರಿಯ ಕ್ಯಾನ್ವಾಸ್ ಬಟ್ಟೆ ಕಂಡಿತು.

ಜೀವ ಬಾಯಿಗೆ ಬಂತು. ಹತ್ತಿಯನ್ನು ಪೆನ್ಸಿಲ್ ಡಬ್ಬಿಗೆ ತುರುಕಿ ಹಾಸ್ಟೆಲಿಗೆ ಓಡಿದಳು.

"ಏನೇ, ಮುಖ ಬಿಳಿ ಪ್ರೈಮರ್ ಬಳಿದ ಹಾಗಿದೆ," ಎಂದಳು ಕೋಣೆಯಲ್ಲಿ ಜೊತೆಗಿದ್ದ ಹಿರಿಯ ವಿದ್ಯಾರ್ಥಿನಿ.

"ಅಕ್ಕ, ಯಾರಾದ್ರೂ ಚಿತ್ರ ಹಾಳು ಮಾಡಿದ್ರೆ ಏನ್ಮಾಡ್ತಾರೆ?"

"ಹೋದ ವರ್ಷ ಒಬ್ಬ ಶಿಲ್ಪಕ್ಕೆ ಟೋಪಿ ಹಾಕಿದ್ದಕ್ಕೇ ಸೀಟು ಕಿತ್ಕೊಂಡ್ರು. ನೀನು ನಿನ್ನ ಚಿತ್ರಾನೇ ಹಾಳು ಮಾಡ್ಕೊಂಡ್ರೆ ಶಿಕ್ಷೆ ಇಲ್ಲ ಬಿಡು, ಅದು ದಿನಾ ನಡೆಯೋದೇ."

ಊಟದ ತಟ್ಟೆಯನ್ನು ಬದಿಗೆ ಸರಿಸಿದಳು. ಸೀಟು ಹೋದರೆ ಅಪ್ಪನಿಗೆ ಏನೆಂದು ಹೇಳುವುದು?

ಮರುದಿನ ಬೆಳಿಗ್ಗೆ ಮೇಡಂ ಅದೇ ಚಿತ್ರದ ಮುಂದೆ ಪಾಠ ಶುರುಮಾಡಿದರು. ಶಾಲಿನ ಹತ್ತಿರ ಕೋಲು ಹೋಗಿ ನಿಂತಿತು. "ಇವತ್ತಿಗೆ ಸಾಕು, ಎಲ್ಲ ಹೊರಡಿ," ಎಂದರು. ಯಾರೂ ಏನೂ ಕೇಳದಿದ್ದರೂ ಅವಳ ಕೈ ಪೆನ್ಸಿಲ್ ಡಬ್ಬಿಯನ್ನು ಮುಟ್ಟಿ ನೋಡಿಕೊಂಡಿತು.

ಎಲ್ಲರೂ ಹೋದ ಮೇಲೆ ಡಬ್ಬಿ ತೆರೆದಳು. "ಮೇಡಂ, ನಾನೇ."

"ಬಾಗಿಲು ಹಾಕು." ಮೇಡಂ ಹತ್ತಿಯನ್ನು ಬೆಳಕಿಗೆ ಹಿಡಿದರು. "ಇಷ್ಟು ಹಳೆಯ ಎಣ್ಣೆ ಬಣ್ಣ ಎಂಜಲಿಗೆ ಬಿಡುತ್ತಾ? ಇದು ನೀರಿನ ಬಣ್ಣ. ನಾನೇ ಬಳಿದಿದ್ದು."

ಅವಳಿಗೆ ಅರ್ಥವಾಗಲಿಲ್ಲ.

"ನಿನ್ನ ವಯಸ್ಸಲ್ಲಿ ನಾನೂ ಇದನ್ನ ನಕಲು ಮಾಡ್ತಿದ್ದೆ. ಕೊಳೆ ತೆಗೆಯೋಣ ಅಂತ ಟರ್ಪೆಂಟೈನ್ ಹಾಕಿ ಉಜ್ಜಿ ಉಜ್ಜಿ ಬಟ್ಟೆ ಕಾಣಿಸ್ಬಿಡ್ತು. ಎಣ್ಣೆ ಬಣ್ಣ ಒಣಗೋವರೆಗೂ ಕಾಯೋ ಧೈರ್ಯ ಇರ್ಲಿಲ್ಲ, ನೀರಿನ ಬಣ್ಣ ಬಳಿದೆ. ಇಪ್ಪತ್ತಾರು ವರ್ಷ ಆಯ್ತು ಮಗು. ಯಾರಾದ್ರೂ ಇದರ ಮುಂದೆ ನಿಂತ್ರೆ ಕಣ್ಣು ಶಾಲಿನ ಮೇಲಿದೆಯಾ ಅಂತ ಇವತ್ತಿಗೂ ನೋಡ್ತೀನಿ."

ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸಂಜೆ ಮತ್ತೆ ಬಳಿದುಬಿಡ್ತೀನಿ. ನಿನ್ನ ಸೀಟೂ ಉಳಿಯುತ್ತೆ, ನನ್ನ ಕೆಲಸಾನೂ ಉಳಿಯುತ್ತೆ. ನೀನಂತೂ ಮಾತಾಡೋವಳಲ್ಲ."

ಹೂಂ ಎಂದರೆ ಮುಗಿಯುತ್ತಿತ್ತು. ಅವಳು ಮೇಡಂ ಮುಖವನ್ನೇ ನೋಡಿದಳು. ಇಪ್ಪತ್ತಾರು ವರ್ಷವಾದರೂ ಅವರು ಬಾಗಿಲ ಕಡೆ ನೋಡುವುದು ನಿಂತಿರಲಿಲ್ಲ. ಇನ್ನು ಮೇಲೆ ತಾನೂ ಹಾಗೆಯೇ ನೋಡುತ್ತಿರಬೇಕಾಗುತ್ತಿತ್ತು.

"ಬೇಡ ಮೇಡಂ, ಹೇಳಿಬಿಡೋಣ," ಎಂದಳು. ಮಾತು ಕೋಣೆಯ ಮೂಲೆಗೂ ಕೇಳಿಸಿತು. ಮೇಡಂ ತಾವೇ ಬಾಗಿಲು ತೆರೆದರು.

ವಿಭಾಗದ ಮುಖ್ಯಸ್ಥರ ಬಾಗಿಲ ಮುಂದೆ ಇಬ್ಬರೂ ನಿಂತರು. ಮೇಡಂ ಅವಳ ಮೊಣಕೈ ಬಿಗಿಯಾಗಿ ಹಿಡಿದುಕೊಂಡರು. ಬಾಗಿಲು ತಟ್ಟಿದ್ದು ಪಿಸುಗುಬ್ಬಿಯೇ. ಒಳಗೆ ಕುರ್ಚಿ ಸರಿದ ಸದ್ದಾಯಿತು.