ಬಸುರಿ ಗೋಡೆ

ತೀರಿಕೊಂಡ ಮುದಕಪ್ಪನನ್ನು ಕೂಡಿಸಿ, ಹಣೆಗೆ ಸುತ್ತಿದ ಬಿಳಿಯ ವಸ್ತ್ರದ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿಯಲು ಅವನ ಅಣ್ಣ ಮಹಾಂತಪ್ಪ ಕೈ ಎತ್ತಿದ್ದ. ಅಷ್ಟರಲ್ಲಿ ಮುದಕಪ್ಪನ ಹೆಂಡತಿ ಸಿದ್ದಲಿಂಗವ್ವ ಎದ್ದು ಬಂದು ಆ ಕೈಯನ್ನೇ ಹಿಡಿದಳು. ಮದುವೆಯಾಗಿ ಬಂದಂದಿನಿಂದ ಭಾವನ ಎದುರು ತಲೆ ಎತ್ತಿ ನಿಂತವಳಲ್ಲ.

“ಈ ಗ್ವಾಡಿಗೆ ಬ್ಯಾಡ್ರಿ.”

ತಮ್ಮನನ್ನು ಮತ್ತೆಲ್ಲಿ ಕೂಡಿಸಬೇಕೆಂದು ಮಹಾಂತಪ್ಪ ಕೇಳಿದ. ಅಪ್ಪ, ಅಜ್ಜ, ಮುತ್ತಜ್ಜ ವಿಭೂತಿ ಧರಿಸಿ ಕೊನೆಯ ಸಲ ಕುಳಿತದ್ದು ಈ ಪಡಸಾಲೆಯಲ್ಲಿ, ಇದೇ ಗೋಡೆಗೆ. ಹೊರಗೆ ಶ್ರಾವಣದ ಜಡಿಮಳೆ ಆಗತಾನೆ ಬಿಟ್ಟಿತ್ತು. ಭಜನೆಯವರು ಅದೇ ಗೋಡೆಗೆ ಬೆನ್ನು ಕೊಟ್ಟು ತಾಳ ಬಿಚ್ಚುತ್ತಿದ್ದರು. ರಾಮದುರ್ಗದ ಹಳೆಯ ಪೇಟೆಯ ಹೆಂಗಸರೆಲ್ಲ ಅವರ ಎದುರು ಒತ್ತೊತ್ತಾಗಿ ಕುಳಿತಿದ್ದರು.

ಕಾರಣವನ್ನು ಬಲ್ಲವಳು ಅವಳೊಬ್ಬಳೇ. ಹೇಳಿದರೆ ಗಂಡನ ಹೆಸರು ಮಣ್ಣಾಗುವ ಮೊದಲೇ ಕೆಡುತ್ತಿತ್ತು. ಹೇಳದಿದ್ದರೆ ಇಷ್ಟು ಜನರ ತಲೆಯ ಮೇಲೆ ಗೋಡೆ ನಿಂತಿತ್ತು.

*

ಮುದಕಪ್ಪ ಮುನ್ಸಿಪಾಲ್ಟಿಯ ಓವರ್ಸಿಯರ್ ಆಗಿದ್ದ. ಮುಂಗಾರಿಗೆ ಮೊದಲು, ಗೋಡೆ ನೆಟ್ಟಗಿದೆಯೇ ಎಂದು ದಾರ ಇಳಿಬಿಟ್ಟು ನೋಡುವ ಓಳಂಬದ ಗುಂಡು ಹಿಡಿದು ಹಳೆಯ ಪೇಟೆಯ ಮನೆಮನೆಗೆ ಹೋಗಿ, ಯಾವ ಗೋಡೆ ಮಳೆಗಾಲ ಕಳೆದೀತು, ಯಾವುದು ಕಳೆಯಲಾರದು ಎಂದು ನೋಡುವುದು ಅವನ ಕೆಲಸ. ಎರಡು ಮಗ್ಗುಲ ಕಲ್ಲಿನ ನಡುವೆ ಮಣ್ಣು ತುಂಬಿದ ಗೋಡೆಗಳು ಅವು. ಒಳಗೆ ನೀರಿಳಿದರೆ ಮಣ್ಣು ಹಿಗ್ಗಿ, ಕಲ್ಲು ಹೊಟ್ಟೆಯಂತೆ ಮುಂದೆ ಬರುತ್ತದೆ. ಅಂಥದನ್ನು ಅವನು ‘ಬಸುರಿ’ ಎನ್ನುತ್ತಿದ್ದ. ಬಾಡಿಗೆಗೆ ಕೊಟ್ಟ ವಾಡೆಗಳ ಒಡೆಯರು ಆ ಹೊಟ್ಟೆಯ ಮೇಲೆ ಸುಣ್ಣ ಬಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಪರರ ಮಕ್ಕಳು ಮಲಗುವ ಕೋಣೆಯ ಬಿರುಕನ್ನು ಸುಣ್ಣದಿಂದ ಮುಚ್ಚುವವನಿಗೆ ಯಾವ ದೇವರ ಮುಂದೆ ನಿಲ್ಲುವ ಮುಖವಿದ್ದೀತು? ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದ ಮೇಲಂತೂ ಜನ ಅವನನ್ನು ನೋಡಿ ನಕ್ಕರು. ಮಲಪ್ರಭೆಗೇ ಕಟ್ಟೆ ಬಿದ್ದ ಮೇಲೆ ಇನ್ನೇನು ಭಯ ಎಂದರು. ಕಟ್ಟೆ ಹೊಳೆಯನ್ನು ತಡೆದೀತೇ ಹೊರತು ಮುಗಿಲನ್ನಲ್ಲ ಎಂದು ಅವನು ಹೇಳಿದ್ದೇ ಹೇಳಿದ್ದು.

ಒಂದು ಮಳೆಗಾಲ ನೆರೆಮನೆಯ ಬಾಯವ್ವನ ಮಗಳು ದೇವಕ್ಕನನ್ನು ನೋಡಲು ಸಾಲಹಳ್ಳಿಯಿಂದ ಬೀಗರು ಬಂದಿದ್ದರು. ಅವಲಕ್ಕಿ ಬಡಿಸುವ ಹೊತ್ತು. ಬೀದಿಯಿಂದ ಗೋಡೆ ನೋಡಿದ ಮುದಕಪ್ಪ ಹೊಸ್ತಿಲಲ್ಲೇ ನಿಂತು ಕೂಗಿದ: “ಬಾಯವ್ವಾ, ನಿಮ್ಮ ಮನಿಯಾಗ ಬಸುರೈತಿ. ದಿನಾ ತುಂಬ್ಯಾವ. ಲಗೂ ಹೊರಗ ನಡೀರಿ.”

ಬೀಗರು ತಾಟು ಬಿಟ್ಟು ಎದ್ದರು. ಬಾಯವ್ವ ಪೊರಕೆ ಹಿಡಿದು ಬೀದಿಗಿಳಿದಳು. ಅವಳ ಹಿಂದೆ, ಅಳುತ್ತ ದೇವಕ್ಕ. ಜಗಳ ನೋಡಲು ಉಳಿದವರು. ಪೊರಕೆ ಮುದಕಪ್ಪನ ರುಮಾಲಿಗೆ ತಾಗುವಷ್ಟರಲ್ಲಿ ಪಡಸಾಲೆಯ ಗೋಡೆ ಅವಲಕ್ಕಿಯ ತಾಟುಗಳ ಮೇಲೆ ಕುಳಿತಿತು. ಸಾಲಹಳ್ಳಿಯವರು ಅಲ್ಲೇ ಬೀದಿಯಲ್ಲಿ ಹುಡುಗಿಯನ್ನು ಒಪ್ಪಿದರು.

*

ಆ ಮುದಕಪ್ಪನೇ ಈ ಆಷಾಢದಲ್ಲಿ ತನ್ನ ಪಡಸಾಲೆಯಲ್ಲಿ ಓಳಂಬ ಬಿಟ್ಟು, ಎರಡೆರಡು ಸಲ ನೋಡಿದ್ದ. ಸಿದ್ದಲಿಂಗವ್ವ ಕೇಳಿದಾಗ ಇದೂ ಬಸುರಿಯೇ ಎಂದ. ಅಪ್ಪ ಕಟ್ಟಿಸಿದ್ದಲ್ಲ, ಮುತ್ತಜ್ಜ ಕಟ್ಟಿಸಿದ್ದು. ಮಳೆ ಬಿಡಲಿ, ಆಮೇಲೆ ಬಿಚ್ಚಿಸೋಣ ಎಂದ. ಪರರಿಗೆ ಸಂಜೆಯವರೆಗೂ ಗಡುವು ಕೊಡದವನು ತನಗೆ ಇಡೀ ಮಳೆಗಾಲವನ್ನು ಕೊಟ್ಟುಕೊಂಡ. ಜ್ವರ ಅವನಿಗೆ ಅಷ್ಟು ಕೊಡಲಿಲ್ಲ.

*

“ಊರ ಗ್ವಾಡಿ ಎಲ್ಲಾ ನೋಡಿದಾವಾ,” ಎಂದ ಮಹಾಂತಪ್ಪ, “ತನ್ನ ಮನಿ ಗ್ವಾಡಿ ನೋಡಲಿಲ್ಲೇನು?”

ಭಜನೆಯವರಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಸಿದ್ದಲಿಂಗವ್ವ ಗಂಡನ ಮುಖ ನೋಡಿದಳು. ಇವರೊಳಗೆ ಒಬ್ಬರ ಮೇಲೆ ಒಂದು ಕಲ್ಲು ಬಿದ್ದರೂ ಆ ಮುಖಕ್ಕೆ ಮತ್ತೆ ಮಾನವಿಲ್ಲ ಎನಿಸಿತು.

“ನೋಡಿದ್ರು, ಭಾವಾರ. ಬಸುರಿ ಐತಿ ಅಂದ್ರು. ಕೆಡವಾಕ ಮನಸ ಬರಲಿಲ್ಲ, ಬಿಟ್ರು. ತಪ್ಪು ಅವರದ.”

ಮಹಾಂತಪ್ಪ ಸುಣ್ಣದ ಮೇಲೆ ಅಂಗೈಯಿಟ್ಟು ಮೆಲ್ಲಗೆ ಕೆಳಗೆ ಸವರಿದ. ಮೊಣಕಾಲೆತ್ತರದಲ್ಲಿ ಅಂಗೈ ಮುಂದೆ ಬಂತು. ಅವನು ಕೈ ತೆಗೆದುಕೊಂಡ.

ಆಗ ಬಾಯವ್ವ ನೆಲಕ್ಕೆ ಕೈಯೂರಿ ಎದ್ದಳು. “ಯಾರರ ಇಲ್ಲೇ ಕುಂತು ಬಾಣಂತನ ಮಾಡಾವರು ಇದ್ದೀರೇನು?” ಎಂದಳು. “ಇಲ್ಲಂದ್ರ ಹೊರಗ ನಡೀರಿ.”

ಹೆಣದ ಮನೆಯೆಂಬುದನ್ನು ಮರೆತು ಹೆಂಗಸರು ನಕ್ಕರು, ನಗುತ್ತಲೇ ಎದ್ದರು. ಸಿದ್ದಲಿಂಗವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಹಾಂತಪ್ಪ ತಮ್ಮನ ಕಂಕುಳಿಗೆ ತಾನೇ ಕೈ ಹಾಕಿದ. ಬೀದಿಯ ನಡುವೆ ಕುರ್ಚಿಯಿಟ್ಟು ಕೂಡಿಸಿದರು. ಗೂಟವಿರಲಿಲ್ಲ, ಅಣ್ಣನೇ ಹಿಂದೆ ನಿಂತು ವಸ್ತ್ರದ ತುದಿಯನ್ನು ಹಿಡಿದುಕೊಂಡ. ಭಜನೆ ಅಲ್ಲೇ ಆಯಿತು.

ಮಧ್ಯಾಹ್ನ ಶವವನ್ನು ಕೂಡಿಸಿದ ವಿಮಾನ ಹೊರಟಿತು. ಓವರ್ಸಿಯರನ ಮನೆಯ ಗೋಡೆಯೇ ಬಸುರಿ ಎಂಬ ಮಾತು ಅದಕ್ಕಿಂತ ಮೊದಲೇ ಪೇಟೆಯನ್ನು ಸುತ್ತಿ ಬಂದಿತ್ತು. ಯಾರ ಮನೆಯ ಶವ ಹೋದರೂ ಮಾಳಿಗೆ ಹತ್ತಿ, ಗೋಡೆಗೆ ಆತು ನೋಡುವ ಜನ ಅಂದು ಮುದುಕರನ್ನೂ ಕೂಸುಗಳನ್ನೂ ಎತ್ತಿಕೊಂಡು ಬೀದಿಯ ನಟ್ಟನಡುವೆ ಬಂದು ನಿಂತಿದ್ದರು. ಎರಡೂ ಬದಿಯ ಗೋಡೆಗಳ ಬುಡ ಬರಿದಾಗಿತ್ತು. ಹೊತ್ತವರು ದಾರಿ ಬಿಡಿರೆಂದು, ಗೋಡೆಯ ಕಡೆ ಸರಿಯಿರೆಂದು ಬೇಡಿಕೊಂಡರು. ಒಬ್ಬರೂ ಸರಿಯಲಿಲ್ಲ. ಹೂವಿನ ವಿಮಾನದಲ್ಲಿ ನೆಟ್ಟಗೆ ಕುಳಿತ ಮುದಕಪ್ಪ ಅವರೆಲ್ಲರ ತಲೆಗಳ ಮೇಲೆ, ಮುಂದೆ ಹೋಗಲು ಜಾಗವಿಲ್ಲದೆ, ಬಹಳ ಹೊತ್ತು ನಿಂತೇ ಇದ್ದ.